ಹೆಸರೊಂದು, ಉತ್ತರ ಎರಡು

ಹೊಸಹಳ್ಳಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಕೇಳುವವರು ಎಲ್ಲಿ ನಿಂತು ಕೇಳುತ್ತಿದ್ದಾರೆ ಎಂಬುದನ್ನು ತಿಳಿಯದೆ ಉತ್ತರ ಹೇಳಲು ಬರುವುದಿಲ್ಲ. ಕನ್ನಡ ನಾಡಿನಲ್ಲಿ ಹೊಸಹಳ್ಳಿಗಳು ಒಂದೆರಡಲ್ಲ. ಹೋಬಳಿಯ ಸಂತೆಯಲ್ಲಿ ನಿಂತು ಕೇಳಿದವನಿಗೆ ಕೆರೆಯ ಏರಿಯತ್ತ ಕೈ ತೋರಿಸಿದರೆ ಸಾಕು. ದೂರದ ಜಿಲ್ಲೆಯಿಂದ ಕಾಗದ ಬರೆಯುವವನಾದರೋ ಅಂಚೆ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ನಾಲ್ಕು ಸಾಲು ಬರೆಯಲೇಬೇಕು. ಇಲ್ಲವಾದರೆ ಆ ಕಾಗದ ಊರೂರು ಅಲೆದು ಬರೆದವನ ಕೈಗೇ ಹಿಂದಿರುಗುತ್ತದೆ. ಹೆಸರು ಒಂದೇ. ಆದರೆ ಒಳಗಿನವನ ಪ್ರಶ್ನೆಗೆ ಸಲ್ಲುವ ಉತ್ತರ ಹೊರಗಿನವನ ಪ್ರಶ್ನೆಗೆ ಸಲ್ಲುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಯಾರೂ ತಲೆ ಕೆಡಿಸಿಕೊಳ್ಳದೆ ನಿಭಾಯಿಸಿಕೊಂಡು ಬಂದಿರುವ ಈ ಸಂಗತಿ, ಇಂದು ಲೋಕವನ್ನೆಲ್ಲ ಹೆಣೆದಿರುವ ಗಣಕಯಂತ್ರಗಳ ಜಾಲದಲ್ಲಿ ಅರ್ಧ ಶತಮಾನದ ಇತಿಹಾಸವುಳ್ಳ ಒಂದು ಸಮಸ್ಯೆಯಾಗಿದೆ. ಬಲ್ಲವರು ಅದನ್ನು ಒಳಗಿನ ಬಳಕೆದಾರರಿಗೂ ಹೊರಗಿನ ಬಳಕೆದಾರರಿಗೂ ಹೆಸರನ್ನು ಬಿಡಿಸಿ ಹೇಳುವ ಏರ್ಪಾಟು ಎಂದು ಕರೆಯುತ್ತಾರೆ. ಕನ್ನಡದ ಅಧ್ಯಾಪಕನಾಗಿ ಬಾಳನ್ನು ಸವೆಸಿದ ನನಗೂ ಈ ಯಂತ್ರಗಳಿಗೂ ಏನು ನಂಟು ಎಂದು ಕೇಳುಗರು ಸೋಜಿಗಪಡಬಹುದು. ನಿಘಂಟು, ಶಾಸನ, ಸ್ಥಳನಾಮ - ಇವುಗಳ ನಡುವೆ ಓಡಾಡಿದವನಿಗೆ ಹೆಸರಿನ ಪ್ರಶ್ನೆ ಎಲ್ಲಿ ಎದ್ದರೂ ಅದು ಪರಿಚಿತವಾದ ಪ್ರಶ್ನೆಯೇ. ಒಂದು ಹೆಸರಿಗೆ ಇದೇ ಅರ್ಥ ಎಂದು ಹೇಳುವ ಅಧಿಕಾರ ಯಾರದು? ಆ ಅರ್ಥ ಎಲ್ಲರಿಗೂ ಒಂದೇ ಆಗಿರಬೇಕೇ? ಈ ಎರಡು ಪ್ರಶ್ನೆಗಳೇ ಇಂದಿನ ನನ್ನ ಮಾತಿನ ವಸ್ತು.

ಕತೆ ಆರಂಭವಾಗುವುದು ಅಮೆರಿಕದಲ್ಲಿ. 1969ನೆಯ ಇಸವಿ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಒಂದು ಯಂತ್ರದಿಂದ, ಅದೇ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ಮೊದಲ ಸಂದೇಶ ಹೋಯಿತು. ಅರ್ಪಾನೆಟ್ ಎಂದು ಆ ಜಾಲದ ಹೆಸರು. ಯಂತ್ರ ಯಂತ್ರವನ್ನು ಗುರುತಿಸುವುದು ಸಂಖ್ಯೆಯಿಂದ. ಮನುಷ್ಯ ಗುರುತಿಸುವುದು ಹೆಸರಿನಿಂದ. ಆದ್ದರಿಂದ ಪ್ರತಿಯೊಂದು ಕೇಂದ್ರದವರೂ ಸಂಖ್ಯೆಗಳ ಪಕ್ಕದಲ್ಲಿ ಹೆಸರುಗಳನ್ನು ಬರೆದ ತಮ್ಮದೇ ಪಟ್ಟಿಯನ್ನು ಇಟ್ಟುಕೊಂಡರು. ಇಲ್ಲಿಯವರು ಇಟ್ಟ ಹೆಸರು ಅಲ್ಲಿಯವರಿಗೆ ತಿಳಿಯದು. ಹೆಸರುಗಳೆಲ್ಲ ಎಲ್ಲೆಡೆಯೂ ಒಂದೇ ಆಗಿರಲಿ ಎಂಬ ಸಲಹೆಯನ್ನು 1971ರಲ್ಲಿ ಪೆಗ್ಗಿ ಕಾರ್ಪ್ ಎಂಬ ಮಹಿಳೆ ಮುಂದಿಟ್ಟರು. 1974ರ ಹೊತ್ತಿಗೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಮಾಹಿತಿ ಕೇಂದ್ರವು ಎಲ್ಲರ ಪರವಾಗಿ ಒಂದೇ ಅಧಿಕೃತ ಪಟ್ಟಿಯನ್ನು ಕಾಪಾಡುವುದೆಂದು ಗೊತ್ತಾಯಿತು.

ಆ ಕೇಂದ್ರದ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಜೀವರಸಾಯನಶಾಸ್ತ್ರ ಓದಿದವರು; ಮಾಹಿತಿಯನ್ನು ಒಪ್ಪವಾಗಿ ಜೋಡಿಸುವ ಗೀಳಿನಿಂದ ಈ ಕೆಲಸಕ್ಕೆ ಬಂದವರು. ಸಹೋದ್ಯೋಗಿಗಳೆಲ್ಲ ಅವರನ್ನು ಕರೆಯುತ್ತಿದ್ದುದು ಜೇಕ್ ಎಂದು. ಮನೆಯವರು ಆಕೆಯನ್ನು ಬೆಟ್ಟಿ ಜೋ ಎಂದು ಕರೆಯಬೇಕೆಂದಿದ್ದರಂತೆ. ಎರಡು ವರ್ಷದ ಅಕ್ಕನ ತೊದಲು ನಾಲಿಗೆಯಲ್ಲಿ ಅದು 'ಬೇಬಿ ಜೇಕ್' ಎಂದಾಗಿ, ಕಡೆಗೆ ಆ ಹೆಸರೇ ನಿಂತಿತು. ಹೊರಗಿನ ದಾಖಲೆಯಲ್ಲಿ ಒಂದು, ಒಳಮನೆಯಲ್ಲಿ ಇನ್ನೊಂದು! ಶಾಲೆಯ ಹಾಜರಿಯಲ್ಲಿ ಸತ್ಯನಾರಾಯಣನಾಗಿ ಅಡುಗೆಮನೆಯಲ್ಲಿ ಪುಟ್ಟನಾಗಿರುವ ಹುಡುಗರ ನಾಡಿನಲ್ಲಿ ಇದೇನೂ ಅಪೂರ್ವವಲ್ಲ. ಆದರೂ ಜಗತ್ತಿನ ಯಂತ್ರಗಳ ಹೆಸರುಗಳನ್ನು ಕಾಪಾಡಿದಾಕೆಗೇ ಹೀಗೆ ಎರಡು ಹೆಸರುಗಳಿದ್ದುದು ಚೋದ್ಯವಲ್ಲವೆ?

ಜಾಲಕ್ಕೆ ಹೊಸ ಯಂತ್ರ ಸೇರಿದಾಗ ಅದನ್ನು ನೋಡಿಕೊಳ್ಳುವವರು ಮೆನ್ಲೊ ಪಾರ್ಕಿಗೆ ತಿಳಿಸಬೇಕು. ಅಲ್ಲಿಯವರು ಹೆಸರನ್ನು ಪರಿಶೀಲಿಸಿ ಪಟ್ಟಿಗೆ ಸೇರಿಸಬೇಕು. ಆಮೇಲೆ ಉಳಿದ ಕೇಂದ್ರಗಳೆಲ್ಲ ಆ ಪಟ್ಟಿಯನ್ನು ಹೊಸದಾಗಿ ತರಿಸಿಕೊಳ್ಳಬೇಕು. ಊರಿಗೊಬ್ಬರೇ ಶ್ಯಾನುಭೋಗರು, ಊರಿಗೊಂದೇ ಕಡತ. ಒಂದು ಅರ್ಥದಲ್ಲಿ ಇದು ಸತ್ಯಯುಗ. ಒಂದು ಹೆಸರಿಗೆ ಒಂದೇ ಉತ್ತರ, ಕೇಳುವವರು ಯಾರಾದರೂ ಸರಿ. ಆದರೆ ಊರು ಬೆಳೆಯುತ್ತ ಹೋಯಿತು. 1981ರ ಆಗಸ್ಟಿನಲ್ಲಿ 213 ಯಂತ್ರಗಳಿದ್ದುವು. 1983ರ ಆಗಸ್ಟಿನಲ್ಲಿ 562. 1984ರ ಅಕ್ಟೋಬರಿನಲ್ಲಿ 1,024. ಪಟ್ಟಿ ಉದ್ದವಾದಷ್ಟೂ ಅದನ್ನು ತರಿಸಿಕೊಳ್ಳುವವರೂ ಹೆಚ್ಚಾದರು. ಒಬ್ಬರು ಬಯಸಿದ ಹೆಸರನ್ನು ಇನ್ನೊಬ್ಬರು ಆಗಲೇ ಹಿಡಿದುಕೊಂಡಿರುತ್ತಿದ್ದರು. ಪಟ್ಟಿ ಊರೂರಿಗೆ ತಲುಪುವಷ್ಟರಲ್ಲಿ ಹಳತಾಗಿರುತ್ತಿತ್ತು. ಒಬ್ಬ ಶ್ಯಾನುಭೋಗರು ಎಷ್ಟೇ ನಿಷ್ಠರಾಗಿದ್ದರೂ ಒಂದು ಸಾಮ್ರಾಜ್ಯದ ಕಂದಾಯವನ್ನು ಒಂದೇ ಕಡತದಲ್ಲಿ ಬರೆಯಲಾರರಷ್ಟೆ.

ಈ ಬಿಕ್ಕಟ್ಟನ್ನು ಬಿಡಿಸಿದವರು ಪಾಲ್ ಮೊಕಪೆಟ್ರಿಸ್ ಎಂಬ ತರುಣ ವಿದ್ವಾಂಸರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅಲ್ಲಿಯ ಹಿರಿಯರಾದ ಜಾನ್ ಪೋಸ್ಟೆಲ್ ಅವರು ಆಗ ಚಾಲ್ತಿಯಲ್ಲಿದ್ದ ಐದು ಸಲಹೆಗಳನ್ನು ಇವರ ಕೈಗಿತ್ತು, ಇವುಗಳ ನಡುವೆ ಒಂದು ರಾಜಿ ಮಾಡಿಕೊಡಿ ಎಂದು ಕೇಳಿದರು. ಮೊಕಪೆಟ್ರಿಸ್ ರಾಜಿ ಮಾಡುವ ಬದಲು ತಾವೇ ಹೊಸದೊಂದನ್ನು ರಚಿಸಿದರು. 1983ರ ನವೆಂಬರಿನಲ್ಲಿ ಅದು ಎರಡು ಬರಹಗಳಾಗಿ ಪ್ರಕಟವಾಯಿತು. 'ಅಭಿಪ್ರಾಯಕ್ಕಾಗಿ ವಿನಂತಿ' ಎಂಬ ವಿನಯದ ತಲೆಬರಹದಲ್ಲಿ ಹೊರಡುವ ಮಾಲೆಯಲ್ಲಿ ಅವು 882 ಮತ್ತು 883ನೆಯವು. ಡೊಮೇನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿ.ಎನ್.ಎಸ್., ಎಂದು ಇಂದು ಕರೆಯುವ ವ್ಯವಸ್ಥೆಯ ಹುಟ್ಟು ಅದೇ. ಮೈಸೂರು ಸೀಮೆಯ ಒಂದು ಹಾಸ್ಟೆಲಿನಲ್ಲಿ ಕುಳಿತು ನಾನು ಹಳಗನ್ನಡ ವ್ಯಾಕರಣದ ಸೂತ್ರಗಳನ್ನು ಉರು ಹೊಡೆಯುತ್ತಿದ್ದ ಕಾಲದಲ್ಲಿ, ಭೂಮಿಯ ಇನ್ನೊಂದು ಬದಿಯಲ್ಲಿ ಹೆಸರುಗಳಿಗೇ ಒಂದು ಹೊಸ ವ್ಯಾಕರಣ ಸಿದ್ಧವಾಗುತ್ತಿತ್ತು.

ಅದರ ತಿರುಳು ಇಷ್ಟು: ಇಡೀ ಪಟ್ಟಿಯನ್ನು ಯಾರೊಬ್ಬರೂ ಇಟ್ಟುಕೊಳ್ಳಬೇಕಾಗಿಲ್ಲ, ಪ್ರತಿಯೊಬ್ಬರೂ ತಮ್ಮ ಸೀಮೆಯ ಪಟ್ಟಿಯನ್ನು ಮಾತ್ರ ಇಟ್ಟುಕೊಂಡು, ಅದರೊಳಗಿನ ಸಣ್ಣ ಸೀಮೆಗಳ ಹೊಣೆಯನ್ನು ಬೇರೆಯವರಿಗೆ ವಹಿಸಿದರೆ ಸಾಕು. ಶಾಸನಗಳನ್ನು ಓದಿದವರಿಗೆ ಇದು ಒಡನೆಯೇ ಹಿಡಿತಕ್ಕೆ ಸಿಕ್ಕುತ್ತದೆ. ಬನವಾಸಿ ಹನ್ನೆರಡು ಸಾವಿರ, ಅದರೊಳಗೆ ನಾಗರಖಂಡ ಎಪ್ಪತ್ತು, ಆ ಎಪ್ಪತ್ತರ ಬಳಿಯ ಒಂದು ಬಾಡ - ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ನಮ್ಮ ಶಾಸನಕಾರರು ಊರನ್ನು ಗುರುತಿಸುತ್ತಿದ್ದರು. ಬನವಾಸಿಯನ್ನು ಆಳುವವನಿಗೆ ಬಾಡದ ಪ್ರತಿಯೊಂದು ಗದ್ದೆಯ ಹೆಸರೂ ತಿಳಿದಿರಬೇಕಾಗಿರಲಿಲ್ಲ. ನಾಗರಖಂಡದ ಹೊಣೆ ಯಾರದೆಂದು ತಿಳಿದಿದ್ದರೆ ಸಾಕಾಗಿತ್ತು. ಡಿ.ಎನ್.ಎಸ್. ಹೆಸರನ್ನು ಬರೆಯುವುದು ನಮ್ಮ ಅಂಚೆಯ ಕಾಗದದಂತೆ, ಚಿಕ್ಕದರಿಂದ ದೊಡ್ಡದಕ್ಕೆ. ಅದನ್ನು ಬಿಡಿಸುವುದು ಮಾತ್ರ ಶಾಸನದಂತೆ, ದೊಡ್ಡದರಿಂದ ಚಿಕ್ಕದಕ್ಕೆ. ಎಲ್ಲಕ್ಕೂ ಮೇಲೆ 'ಬೇರು' ಎಂದು ಕರೆಸಿಕೊಳ್ಳುವ ಮೂಲ ಸರ್ವರುಗಳಿವೆ. ಅವಕ್ಕೆ ಹದಿಮೂರು ಹೆಸರುಗಳು, ಒಂದೊಂದು ಹೆಸರಿನಲ್ಲಿಯೂ ಲೋಕದ ನಾನಾ ಕಡೆ ಹಲವು ಪ್ರತಿರೂಪಗಳು. ಅವನ್ನು ಕೇಳಿದರೆ 'ಡಾಟ್ ಇನ್' ಎಂಬ ಸೀಮೆಯ ಹೊಣೆ ಯಾರದೆಂದು ಹೇಳುತ್ತವೆ. ಅವರನ್ನು ಕೇಳಿದರೆ ಅದರೊಳಗಿನ ಸಂಸ್ಥೆಯ ಹೊಣೆ ಯಾರದೆಂದು ಹೇಳುತ್ತಾರೆ. ಆ ಸಂಸ್ಥೆಯವರು ತಮ್ಮ ಯಂತ್ರದ ಸಂಖ್ಯೆಯನ್ನು ಹೇಳುತ್ತಾರೆ. ಒಮ್ಮೆ ತಿಳಿದ ಉತ್ತರವನ್ನು ವಿಚಾರಿಸಿದ ಸರ್ವರು ಗೊತ್ತಾದ ಅವಧಿಯವರೆಗೆ ನೆನಪಿಟ್ಟುಕೊಂಡು, ಅವಧಿ ಮುಗಿದ ಮೇಲೆ ಮರೆಯಬೇಕು. ಮರೆಯುವುದನ್ನೂ ನಿಯಮದೊಳಗೆ ಸೇರಿಸಿದ್ದು ಈ ರಚನೆಯ ಒಂದು ಜಾಣ್ಮೆ.

1984ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಈ ಕೆಲಸಕ್ಕೆ ಬೈಂಡ್ ಎಂಬ ಪ್ರೋಗ್ರಾಮನ್ನು ಬರೆದರು. 1985ರ ಮಾರ್ಚಿ 15ರಂದು 'ಡಾಟ್ ಕಾಮ್' ಎಂದು ಕೊನೆಗೊಳ್ಳುವ ಮೊದಲ ಹೆಸರು ದಾಖಲಾಯಿತು. ನಮ್ಮ ದೇಶದಲ್ಲಿ ಅರ್ನೆಟ್ ಎಂಬ ವಿದ್ವತ್ ಜಾಲ 1986ರಲ್ಲಿ ಆರಂಭವಾಯಿತು. ಅದರಲ್ಲಿ ಪಾಲುಗೊಂಡ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. 1989ರಲ್ಲಿ ಭಾರತಕ್ಕೆ 'ಡಾಟ್ ಇನ್' ಎಂಬ ಸೀಮೆ ದಕ್ಕಿತು. ಶ್ಯಾನುಭೋಗರು ಅನೇಕರಾದರೂ ಹಳೆಯ ಧರ್ಮ ಕೆಡಲಿಲ್ಲ: ಎಲ್ಲಿಂದ ಕೇಳಿದರೂ ಒಂದು ಹೆಸರಿಗೆ ಒಂದೇ ಉತ್ತರ.

ಆ ಧರ್ಮ ಕದಲಿದ್ದು ಎರಡು ಕಾರಣಗಳಿಂದ. ಮೊದಲನೆಯದು ಭಯ. 1988ರ ನವೆಂಬರ್ 2ರಂದು ವಿದ್ಯಾರ್ಥಿಯೊಬ್ಬ ಬಿಟ್ಟ ಒಂದು 'ಹುಳು' ತಾನೇ ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹರಡಿ ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು. ಅಲ್ಲಿಯವರೆಗೆ ಜಾಲವೆಂದರೆ ಒಂದು ಅವಿಭಕ್ತ ಕುಟುಂಬ. ಬಾಗಿಲು ಹಾಕಿಕೊಳ್ಳುವುದೇ ಅನಾಗರಿಕತೆ. ಆ ಬಳಿಕ ಸಂಸ್ಥೆಗಳು ತಮ್ಮ ಸುತ್ತ ಗೋಡೆ ಕಟ್ಟಿ ಹೆಬ್ಬಾಗಿಲಿನಲ್ಲಿ ಕಾವಲು ಇಡತೊಡಗಿದುವು. ಆ ಗೋಡೆಗೆ ಫೈರ್‌ವಾಲ್ ಎಂದು ಹೆಸರು.

ಎರಡನೆಯದು ಅಭಾವ. ಯಂತ್ರಗಳ ಸಂಖ್ಯೆಯನ್ನು 32 ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆಯುವುದೆಂದು ಮೊದಲೇ ನಿಶ್ಚಯವಾಗಿತ್ತು. ಅದರಲ್ಲಿ ಹೆಚ್ಚೆಂದರೆ ಸುಮಾರು 429 ಕೋಟಿ ಸಂಖ್ಯೆಗಳು ಸಿಗುತ್ತವೆ. ಕೆಲವೇ ನೂರು ಯಂತ್ರಗಳಿದ್ದಾಗ ಇದು ಅಕ್ಷಯಪಾತ್ರೆಯೆಂದು ಕಂಡಿತ್ತು. ತೊಂಬತ್ತರ ದಶಕದಲ್ಲಿ ಪಾತ್ರೆಯ ತಳ ಕಾಣುವ ಅಂಜಿಕೆ ಹುಟ್ಟಿತು. 1994ರ ಮಾರ್ಚಿಯಲ್ಲಿ ಒಂದು ಸಲಹೆ ಬಂತು: ಕೆಲವು ಸಂಖ್ಯೆಗಳನ್ನು ಯಾರಿಗೂ ಕೊಡದೆ ಬಿಡೋಣ, ಗೋಡೆಯೊಳಗೆ ಅವನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ, ಹೊರಗಿನ ಬೀದಿಯಲ್ಲಿ ಅವು ಚಲಾವಣೆಯಾಗದಿರಲಿ. ಅದೇ ವರ್ಷದ ಜುಲೈಯಲ್ಲಿ ಕೆಲವರು ಇದನ್ನು ಖಂಡಿಸಿ ಬರೆದರು. ಒಂದು ಸಂಖ್ಯೆಗೆ ಲೋಕದಲ್ಲೆಲ್ಲ ಒಂದೇ ಅರ್ಥವಿರಬೇಕೆಂಬ ಮೂಲತತ್ತ್ವವೇ ಇದರಿಂದ ಮುರಿಯುತ್ತದೆ ಎಂಬುದು ಅವರ ಆಕ್ಷೇಪ. ಅದು ಪೊಳ್ಳು ಆಕ್ಷೇಪವಾಗಿರಲಿಲ್ಲ. ಆದರೆ ಅಗತ್ಯ ಗೆದ್ದಿತು. 1996ರ ಫೆಬ್ರವರಿಯಲ್ಲಿ ಈ ಏರ್ಪಾಟು ಅಂತಿಮ ರೂಪ ಪಡೆಯಿತು.

ಹಾಗೆ ಕಾದಿರಿಸಿದ ಸಂಖ್ಯೆಗಳಲ್ಲಿ ದೊಡ್ಡ ಗುಂಪು 10 ಎಂದು ಆರಂಭವಾಗುವುದು. ಈ 10 ಹಿಂದೆ ಯಾರ ಸಂಖ್ಯೆಯಾಗಿತ್ತು ಗೊತ್ತೆ? ಅರ್ಪಾನೆಟ್ಟಿನದೇ. 1990ರಲ್ಲಿ ಆ ಹಳೆಯ ಜಾಲವನ್ನು ನಿಲ್ಲಿಸಿದ ಮೇಲೆ ತೆರವಾದ ಸಂಖ್ಯೆ ಅದು. ಆ ಮೊದಲ ಜಾಲದ ಗುರುತು, ಇಂದು ಲೋಕಕ್ಕೆ ಕಾಣದಂತೆ ಒಳಗಿರುವ ಯಂತ್ರಗಳ ಗುರುತಾಗಿದೆ. ಇತಿಹಾಸ ಕೆಲವೊಮ್ಮೆ ಹೀಗೆ ಸದ್ದಿಲ್ಲದೆ ಮಗ್ಗುಲು ಬದಲಿಸುತ್ತದೆ.

ಇಲ್ಲಿಂದ ಮುಂದೆ ಹೆಸರಿನ ಸಮಸ್ಯೆ ಹೊಸ ರೂಪ ತಾಳುತ್ತದೆ. ಸಂಸ್ಥೆಯೊಂದರ ಗ್ರಂಥಾಲಯದ ಯಂತ್ರ ಗೋಡೆಯೊಳಗಿದೆ. ಅದರ ಸಂಖ್ಯೆ 10ರ ಗುಂಪಿನದು. ಒಳಗೆ ಕುಳಿತ ಓದುಗ ಅದರ ಹೆಸರು ಹಿಡಿದು ಕೇಳಿದರೆ ಆ ಸಂಖ್ಯೆಯನ್ನೇ ಹೇಳಬೇಕು. ಹೊರಗಿನಿಂದ ಕೇಳಿದವನಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ. 'ನಡುಮನೆಯ ಎಡಗಡೆಯ ಕೋಣೆ' ಎಂದು ವಿಳಾಸ ಬರೆದ ಕಾಗದವನ್ನು ಅಂಚೆಯವನು ಯಾವ ಮನೆಗೆ ಕೊಟ್ಟಾನು? ಎಲ್ಲರ ಮನೆಯಲ್ಲೂ ನಡುಮನೆಯುಂಟು. ಹೊರಗಿನವನಿಗೆ ಹೆಬ್ಬಾಗಿಲಿನ ಸಂಖ್ಯೆಯನ್ನು ಹೇಳಬೇಕು. ಹಾಗಾದರೆ ಎಲ್ಲರಿಗೂ ಹೆಬ್ಬಾಗಿಲಿನ ಸಂಖ್ಯೆಯನ್ನೇ ಹೇಳಿಬಿಡಬಾರದೇಕೆ? ಹೇಳಬಹುದು, ಆಗ ಒಳಗಿದ್ದವನು ಪಕ್ಕದ ಕೋಣೆಗೆ ಹೋಗಲು ಬೀದಿಗಿಳಿದು ಬಂದು ಮತ್ತೆ ಹೆಬ್ಬಾಗಿಲು ತಟ್ಟಿದಂತಾಗುತ್ತದೆ. ಎಷ್ಟೋ ಕಾವಲುಗಾರರು ಅಂಥವನಿಗೆ ಬಾಗಿಲನ್ನೇ ತೆರೆಯುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ನಿವೃತ್ತಿಯ ನಂತರ ಒಂದು ವಿದ್ಯಾಸಂಸ್ಥೆಯಲ್ಲಿ ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಹಗಲು ಅಲ್ಲಿ ಕುಳಿತು ತೆರೆದ ಸೂಚಿ ರಾತ್ರಿ ಮನೆಯಲ್ಲಿ ತೆರೆಯುತ್ತಿರಲಿಲ್ಲ. ಅಕ್ಷರ ಅಕ್ಷರವೂ ಅದೇ ಹೆಸರು. ಅಲ್ಲಿಯ ಜಾಲವನ್ನು ನೋಡಿಕೊಳ್ಳುತ್ತಿದ್ದ ಯುವಕನನ್ನು ಕೇಳಿದಾಗ ಆತ ಹೇಳಿದ: 'ಸಾರ್, ಹೆಸರು ಸರಿಯಾಗಿಯೇ ಇದೆ. ನೀವು ಕೇಳಿದ ಜಾಗ ಬೇರೆ.' ಹಿಂದೆ ಯಾರೋ ಹೊರಗಿನವರಿಗೆ ತೋರಿಸುವ ಪಟ್ಟಿಯಲ್ಲಿಯೂ ಒಳಗಿನ ಸಂಖ್ಯೆಯನ್ನೇ ಬರೆದಿದ್ದರು. ಮನೆಯಲ್ಲಿದ್ದ ನನಗೆ ಆ ಸಂಖ್ಯೆ ಸಿಕ್ಕುತ್ತಿತ್ತು. ಅದನ್ನು ಹಿಡಿದು ಹೊರಟರೆ ದಾರಿಯಿರಲಿಲ್ಲ. ಆತ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಒಳಗಿನ ಕಡತ, ಬಲಕ್ಕೆ ಹೊರಗಿನ ಕಡತ ಎಂದು ಬರೆದು ತೋರಿಸಿದ. ನನ್ನ ತಿಳಿವಳಿಕೆಗೆ ಆ ಹಾಳೆಯೇ ಮೂಲಪಾಠ.

ಆತ ವಿವರಿಸಿದ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇನೆ. ಸಂಸ್ಥೆಯವರು ತಮ್ಮ ಹೆಸರಿನ ಸೀಮೆಗೆ ಎರಡು ಕಡತಗಳನ್ನು ಇಡಬೇಕು. ಹೊರಗಿನ ಕಡತದಲ್ಲಿ ಲೋಕಕ್ಕೆ ಬೇಕಾದ ಕೆಲವೇ ಹೆಸರುಗಳು: ಸಂಸ್ಥೆಯ ಪ್ರಕಟಣೆಗಳ ತಾಣ, ಅಂಚೆ ಸ್ವೀಕರಿಸುವ ಯಂತ್ರ, ಇಂಥವು. ಒಳಗಿನ ಕಡತದಲ್ಲಿ ಇವೂ ಇರಬೇಕು. ಇವುಗಳೊಡನೆ ಮುದ್ರಣಯಂತ್ರ, ಲೆಕ್ಕಪತ್ರದ ಯಂತ್ರ ಮುಂತಾಗಿ ಮನೆಮಂದಿಗೆ ಮಾತ್ರ ಬೇಕಾದುವೂ ಇರಬೇಕು. ಒಳಗಿನ ಸರ್ವರಿಗೆ ತನ್ನ ಕಡತದಲ್ಲಿ ಇಲ್ಲದ ಪರಸ್ಥಳದ ಹೆಸರನ್ನು ಯಾರಾದರೂ ಮನೆಯವರು ಕೇಳಿದರೆ, ಅದು ಹೊರಗೆ ಹೋಗಿ ವಿಚಾರಿಸಿ ತಂದು ಹೇಳಬೇಕು. ಹೊರಗಿನ ಸರ್ವರಾದರೋ ತನ್ನ ಸೀಮೆಯ ಹೆಸರನ್ನಷ್ಟೇ ಹೇಳಬೇಕು. ದಾರಿಹೋಕರ ಪರವಾಗಿ ಊರೆಲ್ಲ ತಿರುಗಿ ವಿಚಾರಿಸುವ ಚಾಕರಿಯನ್ನು ಅದು ವಹಿಸಿಕೊಳ್ಳಕೂಡದು. ವಹಿಸಿಕೊಂಡರೆ ದುಷ್ಟರು ಅದನ್ನೇ ಇನ್ನೊಬ್ಬರ ಮೇಲೆ ಕಲ್ಲು ಬೀರುವ ಕವಣೆಯಾಗಿ ಬಳಸುತ್ತಾರೆ.

ಮೊದಮೊದಲು ಇದಕ್ಕೆ ಎರಡು ಬೇರೆ ಬೇರೆ ಯಂತ್ರಗಳನ್ನೇ ಇಡುತ್ತಿದ್ದರು. 2000ದಲ್ಲಿ ಬೈಂಡಿನ ಒಂಬತ್ತನೆಯ ಆವೃತ್ತಿ ಬಂದಾಗ ಅದರಲ್ಲಿ 'ನೋಟ' ಎಂಬ ಅರ್ಥದ ಹೆಸರಿನ ಒಂದು ಸೌಕರ್ಯ ಸೇರಿತು. ಪ್ರಶ್ನೆ ಯಾವ ಸಂಖ್ಯೆಯಿಂದ ಬಂದಿದೆ ಎಂದು ನೋಡಿ, ಒಂದೇ ಸರ್ವರು ಒಳಗಿನವರಿಗೆ ಒಂದು ನೋಟವನ್ನೂ ಹೊರಗಿನವರಿಗೆ ಇನ್ನೊಂದು ನೋಟವನ್ನೂ ಕೊಡಬಲ್ಲದಾಯಿತು. ಆದರೆ ಎರಡು ಕಡತ ಇಟ್ಟವರಿಗೆ ಎರಡು ಪಟ್ಟು ಎಚ್ಚರ ಬೇಕು. ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆತರೆ ನಮಗಾದ ಪಾಡೇ ಆಗುತ್ತದೆ. ಸಂಜೆ ಮನೆಗೆ ಒಯ್ದ ಯಂತ್ರ ಹಗಲು ಕೇಳಿದ ಉತ್ತರವನ್ನೇ ನೆನಪಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ದಾರಿ ತಪ್ಪುವುದೂ ಉಂಟು. ಆದ್ದರಿಂದ ನೆನಪಿನ ಅವಧಿಯನ್ನು ಚಿಕ್ಕದಾಗಿಡುವುದು ಲೇಸು.

ಇಷ್ಟನ್ನು ಕೇಳಿದಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಕೇಳುವವನ ಮುಖ ನೋಡಿ ಬೇರೆ ಬೇರೆ ಉತ್ತರ ಕೊಡುವುದು ಸುಳ್ಳಲ್ಲವೆ? ಹೆಸರು ಎಂಬುದು ಎಲ್ಲರ ಸೊತ್ತು. ಅದರ ಅರ್ಥ ಕೇಳುವವನ ಮೇಲೆ ನಿಂತರೆ ಮಾತಿನ ಮೇಲಿನ ನಂಬಿಕೆಯೇ ಕುಸಿಯುವುದಿಲ್ಲವೆ?

ವಿಜಯನಗರದ ಕಾಲದ ದಾನಶಾಸನಗಳಲ್ಲಿ 'ಪ್ರತಿನಾಮಧೇಯ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅರಸನು ಒಂದು ಹಳ್ಳಿಯನ್ನು ಅಗ್ರಹಾರವಾಗಿ ಬಿಟ್ಟು ಅದಕ್ಕೆ ತನ್ನ ಹೆಸರನ್ನೋ ರಾಣಿಯ ಹೆಸರನ್ನೋ ಇಡುತ್ತಾನೆ. ದಾಖಲೆಯಲ್ಲಿ ಅದು ದೊಡ್ಡ ಸಂಸ್ಕೃತದ ಹೆಸರು. ಊರಿನವರ ಬಾಯಲ್ಲಿ ಹಳೆಯ ಹೆಸರೇ ಉಳಿಯುವುದುಂಟು. ಶಾಸನಕಾರನು ಎರಡನ್ನೂ ಬರೆದು, ಇದು ಅದರ ಪ್ರತಿನಾಮಧೇಯ ಎಂದು ಕಾಣಿಸುತ್ತಾನೆ. ಒಳಗಿನ ಬಳಕೆಯೂ ಹೊರಗಿನ ಬಳಕೆಯೂ ಬೇರೆಯಾದದ್ದು ಅಲ್ಲಿ ವಂಚನೆಯಾಗಲಿಲ್ಲ. ಏಕೆಂದರೆ ಎರಡನ್ನೂ ಒಪ್ಪಿ ಬರೆಯುವ ಅಧಿಕಾರವುಳ್ಳವನೇ ಬರೆದಿದ್ದಾನೆ. ನನಗೆ ತೋರುವಂತೆ ಇದೇ ಒರೆಗಲ್ಲು. ಒಂದು ಹೆಸರಿಗೆ ಎರಡು ಉತ್ತರಗಳಿರಬಹುದು, ಎರಡನ್ನೂ ಕೊಡುವವನು ಆ ಹೆಸರಿನ ಒಡೆಯನೇ ಆಗಿದ್ದರೆ. ಒಡೆಯನಲ್ಲದವನು ಕೊಟ್ಟ ಉತ್ತರ ಒಂದೇ ಆದರೂ ಅದು ಕೇಡಿಗೆ ದಾರಿ.

ಈ ಒರೆಗಲ್ಲನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯುಂಟು. ಗೋಡೆಯೊಳಗೆ ಬದುಕುವ ಎಷ್ಟೋ ಸಂಸ್ಥೆಗಳು, ಹೊರಗೆ ಯಾರೂ ನೋಡುವುದಿಲ್ಲವಲ್ಲ ಎಂಬ ಧೈರ್ಯದಿಂದ, ತಮ್ಮದಾಗಿ ದಾಖಲಿಸಿಕೊಳ್ಳದ ಹೆಸರುಗಳನ್ನು ಒಳಗೆ ಬಳಸತೊಡಗಿದುವು. 'ಕಾರ್ಪ್', 'ಹೋಮ್', 'ಮೇಲ್' ಎಂಬುವು ಅವುಗಳಲ್ಲಿ ಮುಖ್ಯವಾದುವು. ಯಂತ್ರಗಳು ಮೇಜಿನ ಮೇಲೆಯೇ ಇದ್ದ ಕಾಲದಲ್ಲಿ ಇದರಿಂದ ತೊಂದರೆ ಕಾಣಲಿಲ್ಲ. ಅವು ಚೀಲಗಳನ್ನೇರಿ ಹೋಟೆಲು, ರೈಲುಗಳಲ್ಲಿ ತಿರುಗತೊಡಗಿದಾಗ, ಒಳಗೆ ಕೇಳಬೇಕಾದ ಪ್ರಶ್ನೆಯನ್ನು ಬೀದಿಯಲ್ಲಿ ಕೇಳತೊಡಗಿದುವು. 2012ರಲ್ಲಿ ಹೊಸ ಸೀಮೆಗಳಿಗಾಗಿ ಅರ್ಜಿಗಳನ್ನು ಕರೆದಾಗ ಈ ಮೂರು ಹೆಸರುಗಳನ್ನೂ ಬೇಡಿದವರಿದ್ದರು. ಕೊಟ್ಟಿದ್ದರೆ, ಲೋಕದ ಅದೆಷ್ಟೋ ಕಚೇರಿಗಳ ಮನೆಮಾತಿಗೆ ಯಾರೋ ಅಪರಿಚಿತರು ಓಗೊಡುವಂತಾಗುತ್ತಿತ್ತು. ಹೆಸರುಗಳ ಆಡಳಿತವನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2018ರಲ್ಲಿ ಆ ಮೂರು ಹೆಸರುಗಳ ಅರ್ಜಿಗಳನ್ನು ಮುಂದುವರಿಸದಿರಲು ನಿರ್ಧರಿಸಿತು. ಇಂಥದೇ ಕಾರಣಕ್ಕಾಗಿ, ಖಾಸಗಿಯವರೊಬ್ಬರ ಕೈಯಲ್ಲಿದ್ದ 'ಕಾರ್ಪ್ ಡಾಟ್ ಕಾಮ್' ಎಂಬ ಹೆಸರನ್ನು 2020ರಲ್ಲಿ ಮೈಕ್ರೊಸಾಫ್ಟ್ ಕಂಪನಿ ಕೊಂಡುಕೊಂಡಿತು. ತಪ್ಪು ಬಾಗಿಲಿಗೆ ಬರುತ್ತಿದ್ದ ಕಾಗದಗಳು ಕೆಟ್ಟವರ ಕೈ ಸೇರದಿರಲೆಂದು ಬಾಗಿಲನ್ನೇ ಕೊಂಡಂತೆ!

ಒಡೆಯನ ಬದಲು ದಾರಿಯಲ್ಲಿ ನಿಂತವನು ಉತ್ತರ ಹೇಳುವ ಅಪಾಯ ಇನ್ನೊಂದು. ವಿಚಾರಿಸಿ ತರುವ ಸರ್ವರಿನ ಕಿವಿಗೆ ಸುಳ್ಳು ಉತ್ತರವನ್ನು ಮೊದಲೇ ಊದಿ, ಅದು ಅದನ್ನೇ ನೆನಪಿಟ್ಟು ಎಲ್ಲರಿಗೂ ಹೇಳುವಂತೆ ಮಾಡಬಹುದೆಂಬುದನ್ನು 2008ರಲ್ಲಿ ಡಾನ್ ಕಮಿನ್ಸ್‌ಕಿ ಎಂಬ ಸಂಶೋಧಕರು ತೋರಿಸಿಕೊಟ್ಟರು. ಅವರು ಕಂಡದ್ದನ್ನು ಮಾರಿಕೊಳ್ಳದೆ, ಪ್ರೋಗ್ರಾಮುಗಳನ್ನು ತಯಾರಿಸುವವರಿಗೆ ಗುಟ್ಟಾಗಿ ತಿಳಿಸಿ, ಎಲ್ಲರೂ ಒಟ್ಟಿಗೆ ದುರಸ್ತಿ ಮಾಡಿಕೊಳ್ಳುವಂತೆ ನೋಡಿಕೊಂಡರು. 2010ರ ಜುಲೈಯಲ್ಲಿ ಬೇರಿನ ಕಡತಕ್ಕೇ ಗಣಿತದ ಮುದ್ರೆಯೊತ್ತುವ ಪದ್ಧತಿ ಜಾರಿಗೆ ಬಂತು. ವಿಜಯನಗರದ ತಾಮ್ರಪಟಗಳ ಕೊನೆಯಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಕನ್ನಡ ಅಕ್ಷರಗಳ ಒಪ್ಪವಿರುತ್ತದೆ. ಬರಹ ಯಾವ ಲಿಪಿಯಲ್ಲಿದ್ದರೂ ಆ ಒಪ್ಪ ಕಂಡರೆ ಇದು ಅರಸನ ಮಾತೆಂದು ನಂಬಬಹುದಾಗಿತ್ತು. ಇದೂ ಅಂಥದೇ ಒಪ್ಪ. ಎರಡು ಕಡತ ಇಟ್ಟವರು ಮುದ್ರೆಯನ್ನು ಬಳಸುವುದಾದರೆ ಎರಡಕ್ಕೂ ಒತ್ತಬೇಕು.

ಎಲ್ಲಕ್ಕೂ ಮೂಲವಾದ ಬೇರು ಯಾರ ವಶದಲ್ಲಿರಬೇಕು ಎಂಬ ಜಗಳವೂ ನಡೆದುಹೋಗಿದೆ. 1998ರ ಜನವರಿ 28ರಂದು ಜಾನ್ ಪೋಸ್ಟೆಲ್ ಅವರು ಮೂಲ ಸರ್ವರುಗಳಲ್ಲಿ ಎಂಟನ್ನು ನೋಡಿಕೊಳ್ಳುತ್ತಿದ್ದವರಿಗೆ ಒಂದು ಓಲೆ ಬರೆದು, ಇನ್ನು ಮುಂದೆ ಮೂಲಪಟ್ಟಿಯನ್ನು ನನ್ನ ಯಂತ್ರದಿಂದ ಪಡೆಯಿರಿ ಎಂದರು. ಅವರು ಹಾಗೆಯೇ ಮಾಡಿದರು. ಅಮೆರಿಕ ಸರ್ಕಾರ ಆಕ್ಷೇಪಿಸಿದಾಗ, ಇದೊಂದು ಪರೀಕ್ಷೆಯೆಂದು ಹೇಳಿ ಹಿಂದಿನಂತೆ ಮಾಡಿದರು. ಅದೇ ವರ್ಷ ಐಕ್ಯಾನ್ ಹುಟ್ಟಿತು; ಅದೇ ಅಕ್ಟೋಬರಿನಲ್ಲಿ ಪೋಸ್ಟೆಲ್ ತೀರಿಕೊಂಡರು. 2016ರ ಅಕ್ಟೋಬರ್ 1ರಿಂದ ಅಮೆರಿಕ ಸರ್ಕಾರದ ಮೇಲ್ವಿಚಾರಣೆ ಕೊನೆಗೊಂಡಿತು. ಈ ನಡುವೆ, 2000ದ ಮೇ ತಿಂಗಳಲ್ಲಿ ಅಂತರಜಾಲದ ಶಿಲ್ಪಿಗಳ ಮಂಡಳಿ ಒಂದು ಟಿಪ್ಪಣಿ ಹೊರಡಿಸಿ, ಹೆಸರುಗಳ ಮರಕ್ಕೆ ಬೇರು ಒಂದೇ ಇರಬೇಕು, ಎರಡಾದರೆ ಜನರು ಒಂದೇ ಮಾತಿನಲ್ಲಿ ಬೇರೆ ಬೇರೆ ವಸ್ತುಗಳನ್ನು ಹೇಳುವಂತಾಗುತ್ತದೆ ಎಂದು ಸ್ಪಷ್ಟಪಡಿಸಿತು. ಒಂದೇ ವರ್ಷದಲ್ಲಿ ಒಂದು ಕಡೆ ಮನೆಗಳೊಳಗೆ ಎರಡು ನೋಟಗಳಿಗೆ ಅವಕಾಶ, ಇನ್ನೊಂದು ಕಡೆ ಬೇರು ಒಂದೇ ಎಂಬ ಕಟ್ಟುನಿಟ್ಟು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧ. ನಿಜದಲ್ಲಿ ಬೇರು ಒಂದಾಗಿದ್ದರೆ ಮಾತ್ರ ಮನೆಮನೆಯ ಒಳಗಣ ಸ್ವಾತಂತ್ರ್ಯ ನಿರಪಾಯಕರ. ಹೆದ್ದಾರಿಯ ನಿಯಮ ಎಲ್ಲರಿಗೂ ಒಂದೇ ಇದ್ದಾಗಲೇ ನಮ್ಮ ನಮ್ಮ ಅಂಗಳದಲ್ಲಿ ನಾವು ಇಷ್ಟ ಬಂದಂತೆ ನಡೆಯಬಹುದು.

ಕನ್ನಡದ ಓದುಗರು ಇದನ್ನು ದೂರದ ವಿಷಯವೆಂದು ತಿಳಿಯಬೇಕಾಗಿಲ್ಲ. ಇಂದು ಜಾಲದ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. 'ಡಾಟ್ ಭಾರತ' ಎಂಬ ಸೀಮೆ ನಮ್ಮ ಅಕ್ಷರಗಳಲ್ಲಿಯೂ ಇದೆ. ನಾವು ಬರೆಯುವುದು ಕನ್ನಡದಲ್ಲಿ. 2003ರಲ್ಲಿ ಗೊತ್ತಾದ ಒಂದು ಸೂತ್ರದಂತೆ ಅದು ರೋಮನ್ ಅಕ್ಷರಗಳ ಒಂದು ವೇಷ ತೊಟ್ಟು ಮೂಲ ಸರ್ವರಿನ ಬಾಗಿಲಿಗೆ ಹೋಗುತ್ತದೆ. ಇಲ್ಲಿಯೂ ಒಳಗೊಂದು, ಹೊರಗೊಂದು. ಒಳಗಿನದು ನಮ್ಮ ನುಡಿಯಾಗಿರುವುದು ಸಮಾಧಾನದ ಸಂಗತಿ. ಅದನ್ನು ಬಳಸಿ ಉಳಿಸಿಕೊಳ್ಳುವ ಹೊಣೆ ಮಾತ್ರ ನಮ್ಮದೇ.

2024ರ ಜುಲೈಯಲ್ಲಿ ಈ ದೀರ್ಘ ಚರಿತ್ರೆಗೆ ಒಂದು ಹೊಸ ಸಾಲು ಸೇರಿತು. 'ಇಂಟರ್ನಲ್', ಎಂದರೆ ಒಳಗಿನದು, ಎಂಬ ಶಬ್ದವನ್ನು ಇನ್ನು ಮುಂದೆ ಲೋಕದ ಬೇರಿನಲ್ಲಿ ಯಾರಿಗೂ ಕೊಡತಕ್ಕದ್ದಲ್ಲ, ಅದು ಮನೆಯೊಳಗಿನ ಬಳಕೆಗೇ ಮೀಸಲು ಎಂದು ಐಕ್ಯಾನ್ ನಿರ್ಣಯಿಸಿತು. ತಮ್ಮದೇ ಹೆಸರಿನ ಸೀಮೆಯಲ್ಲಿ ಎರಡು ಕಡತ ಇಡಲಾರದವರು, ಅಥವಾ ಇಡಲೊಲ್ಲದವರು, ಇನ್ನು ಮೇಲೆ ಪರರ ಹೆಸರನ್ನು ಎರವಲು ತರಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಗೋಮಾಳವೆಂದು ಒಂದಿಷ್ಟು ನೆಲ ಬಿಡುತ್ತಿದ್ದರು. ಅದು ಯಾರ ಹೆಸರಿಗೂ ಖಾತೆಯಾಗುವಂತಿಲ್ಲ. ಆದುದರಿಂದಲೇ ಪ್ರತಿಯೊಬ್ಬನ ಹಸುವೂ ಅಲ್ಲಿ ನಿರ್ಭಯವಾಗಿ ಮೇಯಬಹುದು. ಯಾರದೂ ಅಲ್ಲದ್ದನ್ನು ಯಾರದೂ ಅಲ್ಲವೆಂದೇ ಉಳಿಸಿಕೊಳ್ಳಲು ಊರಿಗೆ 'ನಮ್ಮದು' ಎಂಬ ಭಾವನೆ ಬೇಕು. ಗೋಮಾಳಗಳನ್ನು ಒಂದೊಂದಾಗಿ ಕಳೆದುಕೊಂಡ ನಮಗೆ ಆ ಮಾತಿನ ತೂಕ ತಿಳಿಯದ್ದೇನಲ್ಲ. ಶಬ್ದಲೋಕದಲ್ಲಾದರೂ ಒಂದು ತುಂಡು ಗೋಮಾಳ ಹೊಸದಾಗಿ ಹುಟ್ಟಿದೆ.